ವಡೆ ಉಂಟು, ಒದೆ ಉಂಟು

ಅದು ತಿಂಡಿಯ ಹಾಡು ಎಂದು ಮೊದಲು ತೀರ್ಮಾನ ಮಾಡಿದವರು ಹೋಟೆಲಿನವರೇ. ಹೊಟ್ಟೆ ತುಂಬಿದವರಿಗೆ ಎಲ್ಲವೂ ತಿಂಡಿಯ ಹಾಗೇ ಕೇಳಿಸುತ್ತದೆ. ಮುಂಬಯಿ ಪಕ್ಕದ ಠಾಣೆ ನಗರದ ಮಾಜಿವಾಡಾದಲ್ಲಿರುವ ಸರ್ವೋತ್ತಮ ಭವನದಲ್ಲಿ ಬೆಳಿಗ್ಗೆ ದೇವರ ಸ್ತೋತ್ರ ಮುಗಿದ ಕೂಡಲೇ ಆ ಹಾಡು ಹಾಕುತ್ತಿದ್ದರು. ಒಂದು ಹೆಣ್ಣು ಸ್ವರ. ಉಸಿರು ತೆಗೆದುಕೊಳ್ಳದೆ ಓಡುವ ಸ್ವರ. ಇಡ್ಲಿ ಉಂಟು, ವಡೆ ಉಂಟು, ದೋಸೆ ಉಂಟು, ಉಪ್ಪಿಟ್ಟು ಉಂಟು. ಹಿಂದೆ ಏನೋ ಟಕಟಕ ಬಡಿಯುವ ತಾಳ. ಗಿರಾಕಿಗಳು ತಲೆಯಾಡಿಸುತ್ತ ಸಾಂಬಾರಿನಲ್ಲಿ ವಡೆ ಮುಳುಗಿಸುತ್ತಿದ್ದರು.

ಅಡಿಗೆಮನೆ ದಾಟಿದ ಮೇಲೆ ಮೋರಿ. ಅಲ್ಲಿ ಮುಂಡಪ್ಪ ಕುಕ್ಕರಗಾಲಿನಲ್ಲಿ ಕೂತು ಪಾತ್ರೆ ತಿಕ್ಕುತ್ತಿದ್ದ. ಮೂವತ್ತೊಂದು ವರ್ಷದಿಂದ ಅಲ್ಲೇ ಕೂತು ತಿಕ್ಕುತ್ತಿದ್ದ. ಹಾಡು ಅವನಿಗೂ ಕೇಳಿಸುತ್ತಿತ್ತು. ಹಾಡುತ್ತಿರುವವಳು ತನ್ನ ಮಗಳು ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಮಗಳ ಹೆಸರು ಮುಕ್ತಾ. ವಯಸ್ಸು ಇಪ್ಪತ್ತಾರು. ಅಪ್ಪ ಮಗಳು ಇಬ್ಬರೇ ಕಲ್ಯಾಣ ಸ್ಟೇಷನ್ನಿನ ಪೂರ್ವಕ್ಕೆ ವಠಾರದಂಥ ಒಂದು ಚಾಳಿನಲ್ಲಿ ಇದ್ದರು. ಅವಳು ನವಿ ಮುಂಬಯಿಯ ಐರೋಲಿಯಲ್ಲಿ ಒಂದು ಕಾಲ್ ಸೆಂಟರಿನಲ್ಲಿ ಕನ್ನಡದ ಫೋನು ಎತ್ತುವವಳು. ಯಾರದೋ ಫ್ರಿಜ್ ಕೆಟ್ಟರೆ, ಯಾರದೋ ಪಾರ್ಸಲ್ ತಪ್ಪಿದರೆ ಕ್ಷಮೆ ಕೇಳುವುದು ಅವಳ ಕೆಲಸ. ದಿನಕ್ಕೆ ನೂರು ಸಲ ಕ್ಷಮಿಸಿ ಸರ್, ಕ್ಷಮಿಸಿ ಮೇಡಂ. ಮಾಡದ ತಪ್ಪಿಗೆ ನೂರು ಸಲ ಕ್ಷಮೆ ಕೇಳಿದ ನಾಲಿಗೆ ಸುಮ್ಮನೆ ಮನೆಗೆ ಬಂದು ಮಲಗುವುದಿಲ್ಲ. ರೈಲಿನಲ್ಲಿ ನಿಂತಲ್ಲೇ ಅವಳು ಮೊಬೈಲಿನಲ್ಲಿ ಸಾಲು ಬರೆಯುತ್ತಿದ್ದಳು. ತುಳು, ಕನ್ನಡ, ಮರಾಠಿ, ಬಂಬಯ್ಯಾ ಹಿಂದಿ, ಎಲ್ಲವೂ ಒಂದರ ಮೈಮೇಲೆ ಒಂದು. ಸಂಜೆ ಆರರ ಲೋಕಲ್ಲಿನ ಹಾಗೆ, ಒಂದು ಸಾಲಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ.

ಆ ಸಾಲುಗಳೇ ಇಂಟರ್ನೆಟ್ಟಿಗೆ ಬಿಟ್ಟ ಒಂಬತ್ತು ಹಾಡುಗಳ ಆಲ್ಬಮ್ ಆದವು. ಹೆಸರು ಗೆರಟೆ. ಗೆರಟೆ ಅಂದರೆ ತೆಂಗಿನ ಚಿಪ್ಪು, ಏನು ಹುಯ್ದರೂ ಹಿಡಿದಿಡುವಂಥದ್ದು. ಹಾಡುಗಾರ್ತಿಯ ಹೆಸರಿನ ಜಾಗದಲ್ಲಿ ಮೋರಿವಾಲಿ ಎಂದಿತ್ತು. ಮುಖವಿಲ್ಲ, ಊರಿಲ್ಲ. ತಾಳ ಕಟ್ಟಿದವನು ಬದಲಾಪುರದ ಅಭಿಜಿತ್. ಅವನ ಅಪ್ಪ ದಲಿತರ ಸಭೆಗಳಲ್ಲಿ ಭೀಮಗೀತೆ ಹಾಡುವ ತಂಡದಲ್ಲಿದ್ದವನು. ಮಗ ಮೆರವಣಿಗೆಗಳಿಗೆ ಸ್ಪೀಕರ್ ಕಟ್ಟುತ್ತಿದ್ದ, ಬಿಡುವಿದ್ದಾಗ ಮನೆಯ ಕಂಪ್ಯೂಟರಿನಲ್ಲಿ ಇಂಥ ಹುಚ್ಚು ಕೆಲಸ. ಸ್ಟೀಲ್ ತಟ್ಟೆಯ ಕಟ್ಟು ಕಲ್ಲಿನ ಮೇಲೆ ಬೀಳುವ ಸದ್ದು, ತೆಂಗಿನ ನಾರು ಬಾಣಲೆಯ ತಳ ಕೆರೆಯುವ ಸದ್ದು, ರುಬ್ಬುವ ಯಂತ್ರದ ಗುಡುಗುಡು, ಎರಡು ಗೆರಟೆ ಒಂದಕ್ಕೊಂದು ಬಡಿಯುವ ಸದ್ದು. ಇವೇ ತಾಳ, ಇವೇ ವಾದ್ಯ. ಮುಕ್ತಾಳ ಸ್ವರವನ್ನು ಅವನು ದಪ್ಪ ಮಾಡಿದ್ದ. ಹೆತ್ತವನಿಗೂ ಗುರುತು ಸಿಗಬಾರದು ಎಂದು ಅವಳೇ ಕೇಳಿಕೊಂಡಿದ್ದಳು.

ಪ್ರತಿ ಹಾಡಿಗೂ ಅಭಿಜಿತ್ ಒಂದೇ ಮಾತು ಹೇಳುತ್ತಿದ್ದ. ಹಳೂ. ಮರಾಠಿಯಲ್ಲಿ ಹಾಗೆಂದರೆ ನಿಧಾನ. ನಿಧಾನ ಹಾಡು, ಮುಕ್ತಾ, ಯಾರಿಗೂ ಒಂದಕ್ಷರ ತಿಳಿಯುವುದಿಲ್ಲ. ಅವಳು ಕೇಳಲಿಲ್ಲ. ಹೋಟೆಲಿನಲ್ಲಿ ಸಪ್ಲೈಯರ್ ತಿಂಡಿಗಳ ಹೆಸರು ಒಂದೇ ಉಸಿರಿನಲ್ಲಿ ಹೇಳುತ್ತಾನಲ್ಲ, ಅವನ ಬಾಯಿಂದ ಬಂದದ್ದನ್ನು ಯಾವನಾದರೂ ಮಾತು ಎಂದು ಕೇಳುತ್ತಾನೆಯೇ ಎಂದು ತಿರುಗಿ ಕೇಳಿದಳು. ಬೇಕಾದ ತಿಂಡಿಯ ಹೆಸರು ಮಾತ್ರ ಕೇಳಿಸಿಕೊಳ್ಳುತ್ತಾರೆ. ಉಳಿದದ್ದು ಗಾಳಿಗೆ. ಅದನ್ನೇ ಅವಳು ಹಾಡು ಮಾಡಿದ್ದಳು. ಮೂರನೆಯ ಹಾಡು ಅದು. ಏನುಂಟು ಎಂದು ಹೆಸರು.

ಓಡಿಸಿ ಹೇಳಿದರೆ ಅದು ತಿಂಡಿ ಪಟ್ಟಿ. ನಿಲ್ಲಿಸಿ ಹೇಳಿದರೆ ಬೇರೆ ಪಟ್ಟಿ. ವಡೆ ಉಂಟು, ಒದೆ ಉಂಟು. ದೋಸೆ ಉಂಟು, ದೋಷ ಉಂಟು. ಉಪ್ಪಿಟ್ಟು ಉಂಟು, ಉಪ್ಪು ಇಟ್ಟವನ ಸೊಕ್ಕು ಉಂಟು. ಗೆರಟೆಯ ಟಕಟಕದ ನಡುವೆ ವಡೆಗೂ ಒದೆಗೂ ಇರುವ ದೂರವನ್ನು ಯಾರು ಅಳೆಯುತ್ತಾರೆ? ಇಂಟರ್ನೆಟ್ಟಿನಲ್ಲಿ ಪಂಡಿತರು ಹುಟ್ಟಿಕೊಂಡರು. ಇದು ಕರಾವಳಿಯ ರುಚಿಯ ನೆನಪು ಎಂದು ಒಬ್ಬ ಬರೆದ. ಗೆರಟೆ ಅಂದರೆ ಅಜ್ಜಿಯ ಕೈಯ ಚಿಪ್ಪಿನ ಸೌಟು, ಕಣ್ಣಲ್ಲಿ ನೀರು ಬಂತು ಎಂದು ಇನ್ನೊಬ್ಬಳು ಬರೆದಳು. ಮುಕ್ತಾ ಓದಿ ನಕ್ಕಳು.

ಒದೆ ಎಂಬ ಮಾತು ಅವಳಿಗೆ ಪ್ರಾಸಕ್ಕಾಗಿ ಸಿಕ್ಕಿದ್ದಲ್ಲ. ಅವಳಿಗಾಗ ಒಂಬತ್ತು ವರ್ಷ. ಮೇ ರಜೆಯಲ್ಲಿ ಅಪ್ಪ ಅವಳನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಈರುಳ್ಳಿ ಮೂಟೆಯ ಮೇಲೆ ಕೂರಿಸಿದ್ದ. ಮೋರಿಯ ನಲ್ಲಿಯಲ್ಲಿ ನೀರು ನಿಂತಿತು. ಅಪ್ಪನಿಗೆ ಬಾಯಾರಿತ್ತು. ಅಡಿಗೆಮನೆಯ ಒಳಗೆ ಕಾಲಿಟ್ಟು ಕುಡಿಯುವ ನೀರಿನ ಹಂಡೆಗೆ ಕೈ ಹಾಕಿದ. ಮಾಲೀಕ ಸರ್ವೋತ್ತಮ ರಾವ್ ಹಿಂದಿನಿಂದ ಬಂದರು. ಬೈಯಲಿಲ್ಲ, ಕೂಗಲಿಲ್ಲ. ದಾರಿಗೆ ಅಡ್ಡ ಬಿದ್ದ ಗೋಣಿಯನ್ನು ಸರಿಸುವ ಹಾಗೆ ಸೊಂಟಕ್ಕೆ ಕಾಲಿನಿಂದ ಒದ್ದರು. ಅಪ್ಪನ ಹಲ್ಲು ಹಂಡೆಯ ಅಂಚಿಗೆ ಬಡಿಯಿತು. ಅಪ್ಪ ಎದ್ದು, ರಕ್ತದ ಬಾಯಲ್ಲಿ, ಮೂಟೆಯ ಮೇಲಿದ್ದ ಮಗಳನ್ನು ನೋಡಿ ನಕ್ಕ. ಏನೂ ಆಗಿಲ್ಲ ಎನ್ನುವ ನಗು. ಒದ್ದವನನ್ನು ಅವಳು ಮರೆತಾಳು, ಆ ನಗುವನ್ನು ಮರೆಯಲಾರಳು. ಅಪ್ಪನ ಮೇಲೆ ಅವಳಿಗೆ ಅಂದಿನಿಂದ ಸಿಟ್ಟು. ಪ್ರೀತಿಯಷ್ಟೇ ದೊಡ್ಡ ಸಿಟ್ಟು.

ಊರಲ್ಲಿ ಅವರದ್ದು ಉಡುಪಿಯ ಕಡೆಯ ಮುಂಡಾಲರ ಕೇರಿ. ಊರವರು ಮುಟ್ಟಿಸಿಕೊಳ್ಳದವರು. ಮುಂಬಯಿಗೆ ಬಂದರೆ ಜಾತಿ ರೈಲು ಹತ್ತುವುದಿಲ್ಲ ಎಂದು ಯಾರೋ ಮುಂಡಪ್ಪನಿಗೆ ಹೇಳಿದ್ದರಂತೆ. ಹೇಳಿದವನಿಗೆ ರೈಲೂ ಗೊತ್ತಿರಲಿಲ್ಲ, ಜಾತಿಯೂ ಗೊತ್ತಿರಲಿಲ್ಲ. ಜಾತಿ ಮೊದಲೇ ಬಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತಿತ್ತು.

ಅಪ್ಪ ಹಳೆಯದನ್ನು ಹೇಳುವವನಲ್ಲ. ಒಮ್ಮೆ ಮಾತ್ರ ಹೇಳಿದ್ದ. ಅಮ್ಮ ರತ್ನಾವತಿ ಸತ್ತ ವರ್ಷ, ಭಾನುವಾರ ಮಧ್ಯಾಹ್ನ, ಖಾಲಿ ಲೋಕಲ್ಲಿನಲ್ಲಿ. ಕಿಟಕಿಯ ಹೊರಗೆ ನೋಡುತ್ತ ಹೇಳಿದ್ದ. "ಗೆರಟೆಯಲ್ಲಿ ಚಾ ಕೊಡ್ತಿದ್ರು. ಕುಡಿದು, ತೊಳೆದು, ಬೇಲಿಗೆ ಸಿಕ್ಕಿಸಿ ಬರಬೇಕು. ನಾಳೆಗೂ ಅದೇ ಗೆರಟೆ." ಯಾರು ಕೊಡುತ್ತಿದ್ದರು, ಯಾರಿಗೆ ಕೊಡುತ್ತಿದ್ದರು ಎಂದು ಹೇಳಲಿಲ್ಲ. ನಮ್ಮ ಮಾತಿನಲ್ಲಿ ಅದನ್ನು ಹೇಳಲೇಬೇಕೆಂದಿಲ್ಲ. ಕೊಡ್ತಿದ್ರು ಎಂದರೆ ಸಾಕು, ಅನುಭವಿಸಿದವನು ಎದುರಿಗೆ ಕೂತಿರುತ್ತಾನೆ ಎಂದು ಕೇಳುವವರು ತಿಳಿಯುತ್ತಾರೆ. ಮುಕ್ತಾಳೂ ಹಾಗೇ ತಿಳಿದಳು. ಮಾಜಿವಾಡಾದ ಹೋಟೆಲಿನ ಹಿಂದೆ ಬೇಲಿ ಎಲ್ಲಿದೆ ಎಂದು ಯೋಚಿಸಲಿಲ್ಲ. ಅವನಿಗೆ ಹೇಳದೆ ಫೋನಿನಲ್ಲಿ ಆ ಮಾತು ಹಿಡಿದಿಟ್ಟಿದ್ದಳು. ಆಲ್ಬಮ್ಮಿನ ಕೊನೆಯ ಹಾಡಿನಲ್ಲಿ ಇರುವುದು ಆ ಸ್ವರವೇ. ಅಪ್ಪನನ್ನು ಕೇಳದೆ ಹಾಕಿದ್ದು ತಪ್ಪು ಎಂದು ಅವಳಿಗೆ ಗೊತ್ತಿತ್ತು. ಕೇಳಿದ್ದರೆ ಬೇಡ ಎನ್ನುತ್ತಿದ್ದ ಎಂಬುದೂ ಗೊತ್ತಿತ್ತು.

ಇನ್ನು ಅಪ್ಪನ ಅಂಗೈ. ಎರಡೂ ಅಂಗೈಯ ನಡುವೆ ಚರ್ಮ ಬಿಳಿಚಿ ದಪ್ಪಗಾಗಿತ್ತು. ಗೆರೆಗಳೇ ಇರಲಿಲ್ಲ. ಒಲೆಯಿಂದ ಇಳಿಸಿದ ಪಾತ್ರೆಯನ್ನು ಮಸಿಬಟ್ಟೆ ಇಲ್ಲದೆ ಹಿಡಿಯುತ್ತಿದ್ದ. ಏನಾಯಿತು ಎಂದು ಕೇಳಿದರೆ, ಸೋಡಾ ಮಗಳೇ, ಪಾತ್ರೆ ತೊಳೆಯುವ ಸೋಡಾ ಎನ್ನುತ್ತಿದ್ದ. ಅದನ್ನೂ ಅವಳು ಬಿಡಲಿಲ್ಲ. ಕೈಗೆರೆ ಅಳಿಸಿತು ಸೋಡಾ, ಭವಿಷ್ಯ ಬೇಕಾದರೆ ಮೋರಿ ನೋಡಾ. ನಾಲ್ಕನೆಯ ಹಾಡಿನ ಸಾಲು. ಮನೆಯಲ್ಲಿ ಅಪ್ಪ ಚಾ ಕುಡಿಯುತ್ತಿರಲಿಲ್ಲ. ಅವಳು ಮಾಡಿಕೊಟ್ಟರೆ, ಬೆಳಿಗ್ಗೆ ಧಣಿ ಕೊಟ್ಟದ್ದೇ ಸಾಕು ಎಂದು ಲೋಟವನ್ನು ಅತ್ತ ಸರಿಸುತ್ತಿದ್ದ.

ಧಣಿ ಕೊಡುವ ಆ ಚಾ ಠಾಣೆಯ ಉಡುಪಿಯವರ ನಡುವೆ ಪ್ರಸಿದ್ಧವಾಗಿತ್ತು. ಸರ್ವೋತ್ತಮ ರಾಯರೇ ಮದುವೆಮನೆಗಳಲ್ಲಿ, ಸಂಘದ ಸಭೆಗಳಲ್ಲಿ ಹೇಳಿಕೊಳ್ಳುತ್ತಿದ್ದರು. ನಮ್ಮಲ್ಲಿ ದಿನದ ಮೊದಲ ಚಾ ಗಿರಾಕಿಗಲ್ಲ, ಮುಂಡುವಿಗೆ, ನಾನೇ ಮೋರಿಯವರೆಗೆ ಹೋಗಿ ಕೈಯಾರೆ ಕೊಡುತ್ತೇನೆ ಎನ್ನುತ್ತಿದ್ದರು. ಮುಂಡು ಅಂದರೆ ಮುಂಡಪ್ಪ. ಪೂರ್ತಿ ಹೆಸರಿಗೆ ಅವರಿಗೆ ಪುರುಸೊತ್ತು ಇರಲಿಲ್ಲ. ಕೇಳಿದವರು ದೊಡ್ಡ ಮನಸ್ಸು ಎನ್ನುತ್ತಿದ್ದರು.

ಹೋಟೆಲಿಗೆ ಮೂವತ್ತೈದು ವರ್ಷ ತುಂಬಿತು. ಘೋಡಬಂದರ್ ರಸ್ತೆಯಲ್ಲಿ, ಎತ್ತರದ ಕಟ್ಟಡಗಳ ನಡುವೆ, ಹೊಸ ಬ್ರಾಂಚ್ ಎದ್ದಿತು. ಗಾಜಿನ ಬಾಗಿಲು, ಮಹಡಿಯ ಮೇಲೆ ಪಾರ್ಟಿ ಹಾಲ್. ಅದನ್ನು ನೋಡಿಕೊಳ್ಳುವವನು ರಾಯರ ಮಗ ಪೃಥ್ವಿರಾಜ್. ಠಾಣೆಯಲ್ಲೇ ಹುಟ್ಟಿದವನು. ಕನ್ನಡ ಅರ್ಧ ತಿಳಿಯುತ್ತದೆ, ಉತ್ತರ ಹಿಂದಿಯಲ್ಲಿ ಕೊಡುತ್ತಾನೆ. ಆ ತಿಂಡಿಯ ಹಾಡನ್ನು ಹೋಟೆಲಿಗೆ ತಂದವನು ಅವನೇ. ಅವನು ಮೋರಿವಾಲಿಗೆ ಮೆಸೇಜು ಹಾಕಿದ. ಉದ್ಘಾಟನೆಗೆ ಬಂದು ಹಾಡಬೇಕು, ನಮ್ಮ ತುಳುನಾಡಿನ ಹುಡುಗಿ ನೀವು, ನಮ್ಮವರೆದುರೇ ಮುಖ ತೋರಿಸಿ ಎಂದು.

ಅದೇ ವಾರ ಅಪ್ಪನೂ ಒಂದು ಸುದ್ದಿ ತಂದ. ಹೊಸ ಬ್ರಾಂಚಿನಲ್ಲಿ ಅವನಿಗೆ ಮೋರಿ ಇಲ್ಲ, ಬಾಗಿಲ ಕೆಲಸ. ಬಾಗಿಲ ಬಳಿ ಸ್ಟೂಲ್ ಹಾಕಿಸುತ್ತೇನೆ, ಕೂತುಕೊಂಡು ಬಂದವರಿಗೆ ನಮಸ್ಕಾರ ಹೇಳು ಎಂದು ಧಣಿ ಮಾತು ಕೊಟ್ಟಿದ್ದರು. ಮೂವತ್ತೊಂದು ವರ್ಷದಲ್ಲಿ ಆ ಹೋಟೆಲಿನ ಒಂದು ಕುರ್ಚಿಯ ಮೇಲೂ ಅವನು ಕೂತಿರಲಿಲ್ಲ. ಮನೆಯಲ್ಲಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು ಅಭ್ಯಾಸ ಮಾಡಿದ. ಬೆನ್ನು ನೆಟ್ಟಗಾಗಲಿಲ್ಲ. ಮೋರಿಯ ಅಳತೆಗೆ ಬಗ್ಗಿದ ಬೆನ್ನು. ಸರಿಯಾಗಿ ಕೂತಿದ್ದೇನಾ ನೋಡು ಎಂದು ಮಗಳನ್ನು ಕೇಳಿದ. ಅರವತ್ತೊಂದು ವರ್ಷದ ಮನುಷ್ಯ ಒಂದು ಸ್ಟೂಲಿಗಾಗಿ ಇಷ್ಟು ಸಂಭ್ರಮ ಪಡುವುದನ್ನು ನೋಡಿ ಮುಕ್ತಾ ಮೊಬೈಲು ಕೈಗೆತ್ತಿಕೊಂಡಳು.

ಅವಳು ಪೃಥ್ವಿರಾಜನಿಗೆ ಬರುತ್ತೇನೆ ಎಂದು ಬರೆದಳು. ಅಭಿಜಿತ್ ಬೇಡ ಎಂದ. ಹಾಡಿ ನೀನು ಮನೆಗೆ ಹೋಗುತ್ತೀ, ಅಪ್ಪನ ಸ್ಟೂಲ್ ಏನಾಗುತ್ತದೆ ಎಂದು ಕೇಳಿದ. ಅವಳಿಗೆ ಬೇಕಾಗಿದ್ದದ್ದು ಒಂದೇ. ಅಪ್ಪನಿಗೆ ಮಾಡಿದ್ದನ್ನು ಒಂದು ಸಲ, ಮಾಡಿದವರ ಮುಖದೆದುರು, ಅಪ್ಪನ ಕಿವಿಗೆ ಬೀಳುವ ಹಾಗೆ ಹೇಳಬೇಕು. ಅದಾದ ಮೇಲೆ ಅಪ್ಪ ಅಂಥ ನಗು ನಗಬಾರದು.

ಉದ್ಘಾಟನೆಯ ಭಾನುವಾರ, ಹನ್ನೊಂದು ಗಂಟೆ. ಮುಂದಿನ ಮೆಟ್ಟಿಲಿನ ತುಂಬ ಹೂವಿನ ಅಲಂಕಾರ, ಹಾಡುವವರು ಹಿಂದಿನಿಂದ ಬನ್ನಿ ಎಂದರು. ಹಿಂದಿನ ಮೆಟ್ಟಿಲು ಹೊಸ ಮೋರಿಯ ಪಕ್ಕದಲ್ಲೇ ಇತ್ತು. ಅಲ್ಲೊಬ್ಬ ಹೊಸ ಮನುಷ್ಯ ಕುಕ್ಕರಗಾಲಿನಲ್ಲಿ ಕೂತಿದ್ದ. ಮೋರಿ ಖಾಲಿ ಬಿದ್ದಿರುವುದಿಲ್ಲ. ಒಬ್ಬ ಎದ್ದರೆ ಇನ್ನೊಬ್ಬನನ್ನು ಕೂರಿಸುತ್ತಾರೆ.

ಪೃಥ್ವಿರಾಜ್ ಅವಳ ಮುಖ ನೋಡಿ ಒಂದು ಗಳಿಗೆ ನಿಂತ. ಆಮೇಲೆ ಬಾಯಗಲಿಸಿ ನಕ್ಕ. "ಅರೇ, ತೂ ಮುಂಡು ಅಂಕಲ್‌ಚಿ ಮುಲ್ಗಿ? ಕ್ಯಾ ಸ್ಟೋರಿ ಹೈ ಯಾರ್!" ಮುಂಡುವಿನ ಮಗಳೇ ನೀನು, ಎಂಥ ಕಥೆ ಎಂದು ಅವನಿಗೆ ನಿಜಕ್ಕೂ ಖುಷಿಯಾಗಿತ್ತು. ಮೋರಿಯ ಮಗಳು ಹಾಡುಗಾರ್ತಿ, ಅದೂ ತಮ್ಮದೇ ಹೋಟೆಲಿನ ಮೋರಿ. ಫೋಟೋ ತೆಗೆಸಬೇಕು ಎಂದ. ತನ್ನ ಅಪ್ಪನಿಗೆ ಹೇಳಲು ಓಡಿದ. ಸರ್ವೋತ್ತಮ ರಾಯರು ಬಿಳಿ ಪಂಚೆ, ಬಿಳಿ ಶರ್ಟು, ಹಣೆಯಲ್ಲಿ ಕಪ್ಪು ಅಂಗಾರದ ಗೆರೆ. ಅವರು ಅವಳತ್ತ ನೋಡದೆ ಮಗನಿಗೆ ಹೇಳಿದ್ದು ಅವಳಿಗೆ ಕೇಳಿಸಿತು. "ಮೊದಲೇ ಕೇಳ್ಬೇಕಿತ್ತು ನೀನು. ಇನ್ನು ಎಂತ ಮಾಡ್ಲಿಕ್ಕಾಗ್ತದೆ. ಹಾಡಿ ಹೋಗ್ಲಿ. ಊಟ ಹಿಂದೆ ಕೊಡ್ಸು."

ಮಹಡಿಯ ಪಾರ್ಟಿ ಹಾಲಿನಲ್ಲಿ ಇನ್ನೂರು ಜನ. ಸೋಫಾಗಳು, ಕುರ್ಚಿಗಳು, ಬಿಳಿ ಬಟ್ಟೆಯ ಮೇಜುಗಳು. ಮುಕ್ತಾ ವೇದಿಕೆಯ ಪಕ್ಕದಿಂದ ಅಪ್ಪನನ್ನು ಹುಡುಕಿದಳು. ಹಾಲಿನ ಬಾಗಿಲ ಬಳಿ ಅಪ್ಪ ನಿಂತಿದ್ದ. ಹೊಸ ಯೂನಿಫಾರಂ, ಎದೆಯ ಮೇಲೆ ಹೋಟೆಲಿನ ಹೆಸರು. ಪಕ್ಕದಲ್ಲೇ ಸ್ಟೂಲ್ ಇತ್ತು. ಸ್ಟೂಲಿನ ಮೇಲೆ ಬಂದವರು ಕೊಟ್ಟ ಹೂಗುಚ್ಛಗಳ ಬುಟ್ಟಿ. ಬುಟ್ಟಿಯ ಮೇಲೆ ಇನ್ನೊಂದು ಬುಟ್ಟಿ. ಹೂವು ಕೂತಿತ್ತು, ಅಪ್ಪ ನಿಂತಿದ್ದ. ಬೆಳಿಗ್ಗೆ ಏಳರಿಂದ ನಿಂತಿದ್ದನೆಂದು ಅವನ ಕಾಲು ಹೇಳುತ್ತಿತ್ತು. ವೇದಿಕೆ ಹತ್ತುತ್ತಿರುವ ಮಗಳನ್ನು ಕಂಡು ಅವನು ಬಾಯಿ ತೆರೆದ. ಅವಳು ಇಲ್ಲೇಕೆ ಬಂದಳು ಎಂದು ಅವನಿಗೆ ಅರ್ಥವಾಗಲಿಲ್ಲ.

ಬೇಡ ಎಂದಿದ್ದರೂ ಜೊತೆಗೆ ಬಂದಿದ್ದ ಅಭಿಜಿತ್ ಸ್ಪೀಕರಿನಲ್ಲಿ ತಾಳ ಹಾಕಿದ. ಮುಕ್ತಾ ಶುರು ಮಾಡಿದಳು. ಇಡ್ಲಿ ಉಂಟು ವಡೆ ಉಂಟು. ಇಡೀ ಸಭೆ ಕುಣಿಯಿತು. ಏನುಂಟು, ಏನುಂಟು ಎಂದು ಜರಿಸೀರೆಗಳೂ ಸೂಟುಗಳೂ ಸೇರಿ ಕೂಗಿದವು. ಮಕ್ಕಳು ಕುರ್ಚಿಯ ಮೇಲೆ ಹತ್ತಿ ನಿಂತರು. ಬಾಗಿಲಲ್ಲಿ ಅಪ್ಪನ ಮುಖ ಮೆಲ್ಲನೆ ಬದಲಾಯಿತು. ದಿನವೂ ಪಾತ್ರೆ ತಿಕ್ಕುವಾಗ ಕೇಳುವ ಹಾಡು. ಈಗ ಸ್ವರದ ಗುರುತು ಹತ್ತಿತು. ಅವನು ನಕ್ಕ. ಅದೇ ನಗು.

ಮುಕ್ತಾ ಕೈ ಎತ್ತಿದಳು. ಅಭಿಜಿತ್ ತಾಳ ನಿಲ್ಲಿಸಿದ. ಇಷ್ಟು ದಿನ ಅವನು ಹೇಳಿದ್ದನ್ನು ಅವಳು ಈಗ ಮೈಕಿನಲ್ಲಿ ಅವನಿಗೇ ಹೇಳಿದಳು. "ಹಳೂ."

ಆಮೇಲೆ ನಿಧಾನವಾಗಿ, ಒಂದೊಂದೇ ಶಬ್ದವನ್ನು ಇಟ್ಟಳು. "ಒದೆ. ಉಂಟು." ಯಾರೋ ಹಿಂದಿನಿಂದ ವಡೆ ಎಂದು ತಿದ್ದಿದರು. ವಡೆ ಅಲ್ಲ ಎಂದಳು ಮುಕ್ತಾ. ಹಂಡೆಯ ನೀರಿಗೆ ಕೈ ಹಾಕಿದ್ದಕ್ಕೆ ತನ್ನ ಅಪ್ಪನನ್ನು ಒದ್ದದ್ದು ಹೇಳಿದಳು. ಒಂದು ಹಲ್ಲು ಮುರಿದದ್ದು ಹೇಳಿದಳು. ಎಲ್ಲರೂ ಮೊದಲು ಇದೂ ಹಾಡಿನ ಭಾಗ ಎಂದುಕೊಂಡರು. ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು.

"ದೋಷ. ಉಂಟು." ಹೋಟೆಲಿನ ವಾರ್ಷಿಕ ಪೂಜೆಯ ದಿನ. ಪಾಯಸದ ಕೊಪ್ಪರಿಗೆ ಒಲೆಯಿಂದ ಜಾರಿತು. ಅಡಿಗೆಯ ಭಟ್ಟರ ಕಾಲು ಬೇಯುವುದರಲ್ಲಿತ್ತು. ಮೋರಿಯಿಂದ ಅಪ್ಪ ಓಡಿ ಬಂದು ಕೊಪ್ಪರಿಗೆ ಹಿಡಿದ. ಭಟ್ಟರ ಕಾಲು ಉಳಿಯಿತು. ಪಾಯಸ ಉಳಿಯಲಿಲ್ಲ. ಅವನು ಮುಟ್ಟಿದ್ದರಿಂದ ದೋಷ ಬಂತು ಎಂದು ಅಷ್ಟನ್ನೂ ಮೋರಿಗೆ ಸುರಿಸಿದರು. ಸಾಬಕ್ಕಿ, ಬೆಲ್ಲ ಹೆಪ್ಪುಗಟ್ಟಿ ಮೋರಿ ಕಟ್ಟಿತು. ಹೆಗಲಿನವರೆಗೆ ಕೈ ಹಾಕಿ ಅದನ್ನು ಬಗೆದು ತೆಗೆದವನು ಅಪ್ಪ. ಹಬ್ಬದ ದಿನ ಅವನ ಕೈಗೆ ಸಿಕ್ಕ ಪಾಯಸ ಅದು.

"ಕೊಟ್ಟೆ. ಉಂಟು." ಕೊಟ್ಟೆ ಎಂದರೆ ಹಲಸಿನ ಎಲೆಯ ಕಡುಬು ಎಂದು ನೀವು ತಿಳಿದಿರಿ ಎಂದಳು. ಅವಳ ಅಮ್ಮ ಕಲ್ಯಾಣದ ಆಸ್ಪತ್ರೆಯಲ್ಲಿದ್ದಾಗ ಅಪ್ಪ ಎರಡು ದಿನ ರಜೆ ಕೇಳಿದ. ಕೊಟ್ಟೆ, ಹೋಗು ಎಂದರು ಧಣಿ. ಅವನು ಸ್ಟೇಷನ್ ಮುಟ್ಟುವುದರೊಳಗೆ ಫೋನು. ಭಾನುವಾರ, ರಶ್ಶು, ತಟ್ಟೆ ತೊಳೆಯುವವರಿಲ್ಲ, ಬಾ. ಅವನು ಹೋದ. ನಾಲ್ಕು ಗಂಟೆಗೆ ಅಮ್ಮ ಹೋದಳು. ಅಪ್ಪ ಆಗ ಸೋಡಾ ನೀರಿನಲ್ಲಿ ಚಮಚ ಎಣಿಸುತ್ತಿದ್ದ.

ಈಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಪೃಥ್ವಿರಾಜ್ ಮೈಕ್ ಬಂದ್ ಮಾಡಿಸಲು ಓಡಿದ. ಸ್ಪೀಕರಿನ ಎದುರು ಅಭಿಜಿತ್ ಕೈ ಕಟ್ಟಿ ನಿಂತಿದ್ದ. ಸರಿಯಲಿಲ್ಲ.

"ಚಾ. ಉಂಟು," ಎಂದಳು ಮುಕ್ತಾ. "ಗೆರಟೆ. ಉಂಟು. ಗೆರಟೆಯಲ್ಲಿ ಚಾ ಕುಡಿದವರು ಆ ಬಾಗಿಲಲ್ಲಿ ನಿಂತಿದ್ದಾರೆ. ಅವರ ಹೆಸರು ಮುಂಡು ಅಲ್ಲ. ಮುಂಡಪ್ಪ."

ಇನ್ನೂರು ತಲೆಗಳು ಬಾಗಿಲಿಗೆ ತಿರುಗಿದವು. ಅಪ್ಪನ ಮುಖದಲ್ಲಿ ನಗು ಇರಲಿಲ್ಲ. ಬೇರೇನೂ ಇರಲಿಲ್ಲ.

ಸರ್ವೋತ್ತಮ ರಾಯರು ಎದ್ದರು. ಅವಸರ ಮಾಡುವ ಮನುಷ್ಯನಲ್ಲ. ವೇದಿಕೆಗೆ ಬಂದು ಇನ್ನೊಂದು ಮೈಕ್ ತೆಗೆದುಕೊಂಡರು. ಹುಡುಗಿ ಚಿಕ್ಕವಳು, ಯಾರೋ ತಲೆ ಕೆಡಿಸಿದ್ದಾರೆ, ನನಗೆ ಸಿಟ್ಟಿಲ್ಲ ಎಂದರು. ಪಾಯಸದ ಮಾತು, ರಜೆಯ ಮಾತು ಎತ್ತಲೇ ಇಲ್ಲ. ಗೆದ್ದೇನು ಎನಿಸಿದ ಒಂದೇ ಮಾತನ್ನು ಆರಿಸಿಕೊಂಡರು. ಮೂವತ್ತೊಂದು ವರ್ಷ ನನ್ನ ಅನ್ನ ತಿಂದವನು ಇಲ್ಲೇ ಇದ್ದಾನೆ, ಅವನೇ ಹೇಳಲಿ ಎಂದು ಅಪ್ಪನನ್ನು ಕರೆದರು. ಮುಂಡಪ್ಪ ಇನ್ನೂರು ಜನರ ನಡುವಿನಿಂದ ನಡೆದು ಬಂದ. ವೇದಿಕೆಯ ಕೆಳಗೇ ಚಪ್ಪಲಿ ಬಿಟ್ಟ.

"ಮುಂಡು, ಸತ್ಯ ಹೇಳು. ನಾನು ನಿನಗೆ ಯಾವತ್ತಾದ್ರೂ ಗೆರಟೆಯಲ್ಲಿ ಚಾ ಕೊಟ್ಟದ್ದುಂಟಾ?"

ಮುಕ್ತಾ ಅಪ್ಪನನ್ನು ನೋಡಿದಳು. ಅಪ್ಪ ನೆಲ ನೋಡಿದ.

"ಇಲ್ಲ ಧಣಿ."

ಸಭೆಗೆ ಉಸಿರು ಬಂತು. ಮೊದಲು ಒಬ್ಬರು, ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ವಂತ ಅಪ್ಪನ ಹೆಸರು ಮಾರಿ ಹಾಡು ಮಾಡಿದಳು ಎಂದು ಮುಂದಿನ ಸಾಲಿನ ಹೆಂಗಸು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಮುಕ್ತಾಳ ಕೈಯಲ್ಲಿದ್ದ ಮೈಕ್ ಕೆಳಗಿಳಿಯಿತು. ಒಂಬತ್ತು ಹಾಡು, ಎರಡು ವರ್ಷ, ನಾಲ್ಕು ಭಾಷೆ. ಎಲ್ಲವನ್ನೂ ಅಪ್ಪ ಎರಡು ಶಬ್ದದಲ್ಲಿ ಒರೆಸಿಬಿಟ್ಟ. ಅಂಥ ಅಪ್ಪನ ಮಗಳಾಗಿ ಹುಟ್ಟಬಾರದಿತ್ತು ಎಂದು ಆ ಗಳಿಗೆಯಲ್ಲಿ ಅವಳಿಗೆ ಅನ್ನಿಸಿತು.

ಗೆದ್ದವರು ಅಷ್ಟಕ್ಕೆ ಬಿಡುವುದಿಲ್ಲ. ಗೆದ್ದದ್ದನ್ನು ತೋರಿಸಲೂ ಬೇಕು. ರಾಯರು ಚಾ ತರಿಸಿದರು. ಬೆಳಗುವ ಹೊಸ ಸ್ಟೀಲ್ ಲೋಟ, ಹಬೆಯಾಡುವ ಚಾ. "ಮೂವತ್ತೊಂದು ವರ್ಷ ಮೊದಲ ಚಾ ಇವನಿಗೆ ನಾನೇ ಕೈಯಾರೆ ಕೊಟ್ಟದ್ದು," ಎಂದರು. "ಹೊಸ ಬ್ರಾಂಚಿನಲ್ಲೂ ಮೊದಲ ಚಾ ಇವನಿಗೇ." ಮೊಬೈಲುಗಳು ಮೇಲೆದ್ದವು. ರಾಯರು ಲೋಟ ಹಿಡಿದು ಅಪ್ಪನ ಕಡೆ ತಿರುಗಿದರು.

ಮುಂಡಪ್ಪ ಯೂನಿಫಾರಮ್ಮಿನ ತೋಳು ಮಡಚಿದ. ಮೊಣಕೈವರೆಗೆ, ನಿಧಾನವಾಗಿ. ವೇದಿಕೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತ. ಎರಡೂ ಅಂಗೈ ಸೇರಿಸಿ, ಬೊಗಸೆ ಮಾಡಿ, ಮುಂದೆ ಒಡ್ಡಿದ.

ಆಶೀರ್ವಾದ ಬೇಡುತ್ತಿದ್ದಾನೆ ಎಂದುಕೊಂಡರು ನೆರೆದವರು. ಸರ್ವೋತ್ತಮ ರಾಯರು ಏನೂ ಅಂದುಕೊಳ್ಳಲಿಲ್ಲ. ಅದೇ ಅವರ ಗ್ರಹಚಾರ. ಅವರ ಕೈ ತಾನಾಗಿ ಒಂದು ಗೇಣು ಮೇಲಕ್ಕೆ ಹೋಯಿತು. ಬೊಗಸೆಗೆ ತಾಗಬಾರದಷ್ಟು ಮೇಲಕ್ಕೆ. ಲೋಟ ವಾಲಿತು. ಕುದಿಯುವ ಚಾ ಸಣ್ಣ ಧಾರೆಯಾಗಿ ಇಳಿಯಿತು. ಒಂದು ಹನಿ ಹೊರಗೆ ಬೀಳಲಿಲ್ಲ. ಬೊಗಸೆ ತುಂಬುವ ಕ್ಷಣಕ್ಕೆ ಸರಿಯಾಗಿ ಧಾರೆ ನಿಂತಿತು. ಅಳತೆ ಅವರ ಕೈಗೆ ಅಷ್ಟು ಚೆನ್ನಾಗಿ ಗೊತ್ತಿತ್ತು.

"ಪಪ್ಪಾ," ಎಂದ ಪೃಥ್ವಿರಾಜ್. ಆಗ ರಾಯರು ತಮ್ಮ ಕೈಯನ್ನು ನೋಡಿಕೊಂಡರು. ಲೋಟ ಇನ್ನೂ ಮೇಲೆಯೇ ಇತ್ತು.

ಮುಕ್ತಾ ಅಪ್ಪನ ಅಂಗೈ ನೋಡಿದಳು. ಗೆರೆ ಇಲ್ಲದ ಅಂಗೈ. ಸೋಡಾ ಅಲ್ಲ. ಸೋಡಾ ಎಂದು ಅವಳು ಹಾಡು ಕಟ್ಟಿದ್ದಳು. ಮೂವತ್ತೊಂದು ವರ್ಷ, ದಿನಕ್ಕೊಂದು ಬೊಗಸೆ. ಅಪ್ಪನ ಬೆರಳು ನಡುಗಲಿಲ್ಲ. ಅವನು ಕುಡಿಯಲಿಲ್ಲ. ತಲೆ ಎತ್ತಿ ಧಣಿಯನ್ನು ನೋಡಲೂ ಇಲ್ಲ. ಮಗಳ ಕಡೆ ತಿರುಗಿದ. ಅವಳ ಕೈಯ ಮೈಕ್ ಇನ್ನೂ ಕೇಳಿಸಿಕೊಳ್ಳುತ್ತಿತ್ತು.

"ಗೆರಟೆ ನನ್ನ ಅಪ್ಪನಿಗೆ, ಊರಲ್ಲಿ. ನಂಗೆ ಅದೂ ಇರ್ಲಿಲ್ಲ ಮಗಳೇ. ಹಾಡಲ್ಲಿ ಒಂದು ತಪ್ಪು ಉಂಟು. ಸರಿ ಮಾಡು."

ಅಷ್ಟು ಹೇಳಿ ಬೊಗಸೆ ಬಿಡಿಸಿದ. ಚಾ ಹೊಸ ಜಮಖಾನೆಯ ಮೇಲೆ ಬಿತ್ತು. ಸ್ವಲ್ಪ ರಾಯರ ಪಂಚೆಯ ಅಂಚಿಗೂ ಹಾರಿತು. ಮುಂಡಪ್ಪ ಮಂಡಿ ಹಿಡಿದು ಎದ್ದ. ವೇದಿಕೆ ಇಳಿದ. ಚಪ್ಪಲಿ ಮೆಟ್ಟಿದ. ಜನ ದಾರಿ ಬಿಟ್ಟರು. ಮುಟ್ಟಬಾರದು ಎಂದು ಬಿಟ್ಟರೋ, ಬೇರೆ ಯಾವುದಕ್ಕೆ ಬಿಟ್ಟರೋ, ಬಿಟ್ಟವರಿಗೇ ಗೊತ್ತು. ಬಾಗಿಲ ಬಳಿ ಹೋಗಿ ಸ್ಟೂಲಿನ ಮೇಲಿದ್ದ ಹೂವಿನ ಬುಟ್ಟಿಗಳನ್ನು ಒಂದೊಂದಾಗಿ ಎತ್ತಿ ನೆಲಕ್ಕಿಟ್ಟ.

ರಾಯರು ಜಮಖಾನೆ ನೋಡುತ್ತಿದ್ದರು. ಅವರ ಬಾಯಿಗೆ ರೂಢಿಯ ಮಾತೇ ಬಂತು.

"ಮುಂಡು, ಬಟ್ಟೆ ತಾ. ಒರೆಸು."

ಮುಂಡಪ್ಪ ಸ್ಟೂಲಿನ ಮೇಲೆ ಕೂತ. ಸುಟ್ಟ ಅಂಗೈಗಳನ್ನು ಮೊಣಕಾಲಿನ ಮೇಲೆ ಅಂಗಾತ ಇಟ್ಟುಕೊಂಡ. ಬೆನ್ನು ಇನ್ನೂ ಬಾಗಿಯೇ ಇತ್ತು.

ರಾಯರು ಇನ್ನೊಮ್ಮೆ ಕರೆದರು. ಮುಂಡಪ್ಪ ಏಳಲಿಲ್ಲ.